ಉಗಿಬಂಡಿಯ ನೆನಪು ಬರೆಯುವವರಲ್ಲಿ ಒಂದು ವಿನಂತಿ

ಮಾನ್ಯ ಸಂಪಾದಕರೇ,

ಉಗಿಬಂಡಿ ಕಾಲದ ನೆನಪು ಎಂದೊಡನೆ ಮುಂಬೈ ಕನ್ನಡಿಗರ ಬರಹಗಳಲ್ಲಿ ಬೋರಿಬಂದರಿನಿಂದಲೇ (ಅಂದರೆ ವಿ.ಟಿ., ಇಂದಿನ ಸಿ.ಎಸ್.ಎಂ.ಟಿ. ನಿಲ್ದಾಣ) ಕರಿ ಹೊಗೆ ಏಳತೊಡಗುತ್ತದೆ. ಐವತ್ತು, ಅರವತ್ತರ ದಶಕದಲ್ಲಿ ಊರಿಗೆ ಹೋದ ಮಾತಾದರೆ ಇದು ಸರಿಹೊಂದುವುದಿಲ್ಲ. ಭೋರ್ ಘಾಟಿನ ದಾರಿಗೆ 1930ರ ಹೊತ್ತಿಗೇ ಕರೆಂಟು ಬಂದಿತ್ತು, ವಿ.ಟಿ.ಯಿಂದ ಪುಣೆವರೆಗೆ ಮೇಲ್, ಎಕ್ಸ್‌ಪ್ರೆಸ್‌ಗಳನ್ನು ಎಳೆಯುತ್ತಿದ್ದದ್ದು ವಿದ್ಯುತ್ ಎಂಜಿನ್. ಪುಣೆಯಲ್ಲಿಳಿದು ಟ್ರಂಕು, ಹಾಸಿಗೆ ಸುರುಳಿ ಹೊರಿಸಿಕೊಂಡು ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಗಾಡಿ ಹತ್ತಿದವರಿಗೆ ಅಲ್ಲಿಂದ ಮುಂದೆ ಮೀರಜ್, ಬೆಳಗಾವಿ, ಲೋಂಡಾ, ಹುಬ್ಬಳ್ಳಿವರೆಗೂ ಕಲ್ಲಿದ್ದಲಿನ ವಾಸನೆ. ಮನೆಯಲ್ಲಿ ಹಳೆಯ ಫೋಟೊ ಇದ್ದರೆ ಎಂಜಿನ್ನಿನ ಮೇಲಿನ ಅಕ್ಷರ ನೋಡಿ. ಸ್ವಾತಂತ್ರ್ಯಾನಂತರದ ಎಂಜಿನ್ನುಗಳಲ್ಲಿ ‘ಡಬ್ಲ್ಯೂ’ ಇದ್ದರೆ ಅದಕ್ಕಿಂತ ಅಗಲ ಹಳಿಯ ಬ್ರಾಡ್ ಗೇಜ್, ‘ವೈ’ ಇದ್ದರೆ ಮೀಟರ್ ಗೇಜ್. ಅದರ ಮುಂದಿನ ‘ಪಿ’ ಪ್ರಯಾಣಿಕರ ಗಾಡಿಗೆ, ‘ಜಿ’ ಗೂಡ್ಸಿಗೆ. ಬೆಳಗಾವಿಯದೆಂದು ಹೇಳುವ ಅರವತ್ತರ ದಶಕದ ಫೋಟೊದಲ್ಲಿ ‘ಡಬ್ಲ್ಯೂಪಿ’ ನಿಂತಿದ್ದರೆ ಊರನ್ನೋ ಇಸವಿಯನ್ನೋ ಇನ್ನೊಮ್ಮೆ ವಿಚಾರಿಸಬೇಕು.

ಇಸವಿ ತಿದ್ದುವುದು ಸುಲಭ. ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಸೀಟಿ, ಹೊಗೆ, ಕಣ್ಣಿಗೆ ಬಿದ್ದ ಕಿಡಿ ಎಲ್ಲರ ಬರಹದಲ್ಲೂ ಇರುತ್ತವೆ. ಆ ಉಗಿಯನ್ನು ಹುಟ್ಟಿಸಿದವರ ಕೆಲಸ ಇರುವುದಿಲ್ಲ. ಹುಬ್ಬಳ್ಳಿ ಕಡೆಯ ಎಷ್ಟೋ ಮನೆತನಗಳು ಮೀರಜ್, ಪುಣೆ, ವಾಸ್ಕೋಗಳಲ್ಲಿ ನೆಲೆಸಿದ್ದೇ ಈ ಕೆಲಸದ ಬೆನ್ನು ಹತ್ತಿ. ‘ಕಲ್ಲಿದ್ದಲು ಸುರಿಯುತ್ತಿದ್ದರು’ ಎಂಬ ಒಂದು ಮಾತಿನಲ್ಲಿ ಎಂಜಿನ್ನಿನ ಬೆಂಕಿ, ನೀರು ನೋಡಿಕೊಳ್ಳುವ ಫೈರ್‌ಮನ್ನನ ವಿದ್ಯೆಯನ್ನು ಮುಗಿಸಿಬಿಡುವುದು ನಮಗೆ ನಿಜಕ್ಕೂ ನೋವಿನ ಸಂಗತಿ.

ಗೋವಾದ ಕುಲೆಂನಿಂದ ದೂಧಸಾಗರ ದಾಟಿ ಕ್ಯಾಸಲ್‌ರಾಕ್‌ಗೆ ಏರುವ ಘಾಟ್ ಆ ವಿದ್ಯೆಗೆ ಒಳ್ಳೆಯ ಪರೀಕ್ಷೆಯಾಗಿತ್ತು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ಇರುವುದು ಡ್ರೈವರ್ ನಿಲ್ಲುವ ಹಿಂದಿನ ತುದಿಯಲ್ಲಿ. ಚಿಮಣಿ ಮುಂದಾಗಿ ಎಂಜಿನ್ ಏರುವಾಗ ನೀರು ಹಿಂದಕ್ಕೆ ಸರಿದು ಗಾಜಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಣಿಸುತ್ತದೆ. ಅದನ್ನು ನಂಬಿ, ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಹಚ್ಚದೆ ಬಿಟ್ಟರೆ, ಏರು ಮುಗಿದು ಎಂಜಿನ್ ಸಮನಾಗುತ್ತಲೇ ನೀರು ಮುಂದಕ್ಕೆ ಹರಿದು ಬೆಂಕಿಗೂಡಿನ ನೆತ್ತಿಯ ತಗಡು ಬರಿದಾಗುತ್ತದೆ. ಅಲ್ಲಿ ಕೂರಿಸಿದ ಲೆಡ್ ಪ್ಲಗ್ಗಿನ ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಗಾಡಿ ಅಲ್ಲೇ ನಿಲ್ಲಬೇಕು. ಪ್ಲಗ್ ಕೆಲಸ ಮಾಡದಿದ್ದರೆ ತಗಡು ಕೆಂಪಗೆ ಕಾದು ಕುಸಿದು ಬಾಯ್ಲರೇ ಸಿಡಿಯಬಹುದು. ಹೆದರಿ ನೀರು ಜಾಸ್ತಿ ಮಾಡಿದರೂ ಕೇಡೇ. ಉಗಿಯ ಜೊತೆ ನೀರೂ ಸಿಲಿಂಡರಿಗೆ ಹೋಗುತ್ತದೆ. ಅದುಮಿದರೆ ನೀರು ಕುಗ್ಗುವುದಿಲ್ಲ, ಸಿಲಿಂಡರಿನ ಮುಚ್ಚಳ ಒಡೆಯುತ್ತದೆ. ಮುಂದೆ ಎಲ್ಲಿ ಏರು ತಪ್ಪುತ್ತದೆ ಎಂಬುದು ತಲೆಯಲ್ಲಿದ್ದವನು ಮಾತ್ರ ಆ ಗಾಜನ್ನು ಸರಿಯಾಗಿ ಓದಬಲ್ಲವನಾಗಿದ್ದ.

ಬೆಂಕಿಯೂ ಹಾಗೆಯೇ. ಕಲ್ಲಿದ್ದಲನ್ನು ಮುಷ್ಟಿ ಗಾತ್ರಕ್ಕೆ ಒಡೆದು, ಪುಡಿ ಹಾರದಂತೆ ನೀರು ಚಿಮುಕಿಸಿ, ಸ್ವಲ್ಪಸ್ವಲ್ಪವಾಗಿ ಮತ್ತೆಮತ್ತೆ ಹಾಕಬೇಕು. ಹಿಂದಿನ ಮೂಲೆಗಳಲ್ಲಿ, ಬದಿಗಳಲ್ಲಿ ದಪ್ಪ, ನಡುವೆ ತೆಳು. ಒಮ್ಮೆಲೇ ತುಂಬಿದರೆ ಗಾಳಿ ಸಾಲದೆ ಕರಿ ಹೊಗೆ ಬರುತ್ತದೆ, ಉಗಿಯ ಒತ್ತಡ ಇಳಿಯುತ್ತದೆ. ನೋಡಲು ಚಂದ ಎಂದು ನಾವು ಮೆಚ್ಚುವ ಆ ದಟ್ಟ ಹೊಗೆ ಹಲವು ಸಲ ಬೆಂಕಿ ಕೆಟ್ಟದ್ದರ ಗುರುತು! ಬೆಂಕಿಗೂಡಿನ ಬಾಗಿಲು ತೆರೆದೇ ಬಿಟ್ಟರೆ ತಣ್ಣನೆ ಗಾಳಿ ಬಡಿದು ಕೊಳವೆಗಳ ತುದಿ ಸೋರತೊಡಗುತ್ತವೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಅದು ಕರಗಿ ಜಾಲರಿಗೆ ಹೆಪ್ಪುಗಟ್ಟಿದರೆ ಕ್ಲಿಂಕರ್. ಅದನ್ನು ಘಾಟ್ ಹತ್ತುವ ಮೊದಲೇ ಕಿತ್ತು ತೆಗೆಯಬೇಕು. ಸುರಂಗದೊಳಗೆ ಇನ್ನೊಂದು ಅಪಾಯ: ಚಿಮಣಿಯತ್ತ ಗಾಳಿ ಎಳೆಯುವ ಬ್ಲೋವರ್ ತೆರೆಯದೆ, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಿದರೆ ಜ್ವಾಲೆ ಚಿಮಣಿಯತ್ತ ಹೋಗದೆ ಬಾಗಿಲಿನಿಂದ ಹೊರಕ್ಕೆ ಹೊಡೆಯುತ್ತದೆ. ಮಳೆಗಾಲದಲ್ಲಿ ಚಕ್ರ ಜಾರಿ ಗಿರಕಿ ಹೊಡೆದರೆ ಮೊದಲು ರೆಗ್ಯುಲೇಟರ್ ಮುಚ್ಚಬೇಕು, ಆಮೇಲೆ ಹಿಡಿತಕ್ಕೆ ಹಳಿಯ ಮೇಲೆ ಮರಳು. ತಿರುಗುತ್ತಿರುವ ಚಕ್ರದಡಿ ಮರಳು ಬಿಟ್ಟರೆ ಅದು ಥಟ್ಟನೆ ಕಚ್ಚಿ ಚಕ್ರಗಳನ್ನು ಜೋಡಿಸುವ ರಾಡು ಬಾಗುತ್ತದೆ. ಮರಳು ಒಣಗಿಯೇ ಇರಬೇಕು, ತೇವವಾದರೆ ಪೈಪು ಕಟ್ಟಿಕೊಳ್ಳುತ್ತದೆ.

ಇವನ್ನು ಕೈಯಾರೆ ಮಾಡಿದವರು ಇಂದು ಇಳಿವಯಸ್ಸಿನಲ್ಲಿದ್ದಾರೆ. ‘ನಿಮ್ಮ ನೆನಪು ಹೇಳಿ ಅಜ್ಜಾ’ ಎಂದರೆ ಎರಡೇ ಮಾತು ಬರುತ್ತವೆ. ಏನು ಮಾಡಿದಿರಿ ಎಂದು ಬಿಡಿಬಿಡಿಯಾಗಿ ಕೇಳಬೇಕು. ಯಾವ ಶೆಡ್, ಯಾವ ಎಂಜಿನ್? ತಣ್ಣಗಿದ್ದ ಬಾಯ್ಲರ್ ಹೊತ್ತಿಸಿ ಉಗಿ ಏರಿಸಲು ಎಷ್ಟು ತಾಸು ಬೇಕಿತ್ತು? ವಾಶ್‌ಔಟ್ (ಬಾಯ್ಲರಿನ ಒಳಗನ್ನು ತೊಳೆಯುವುದು) ಎಷ್ಟು ದಿನಕ್ಕೊಮ್ಮೆ, ಯಾವ ಊರಿನ ನೀರಿಗೆ ಕಿಟ್ಟ ಹೆಚ್ಚು ಕಟ್ಟುತ್ತಿತ್ತು? ಹಿಂದೆ ಗಾಡಿ ತಳ್ಳುವ ಎಂಜಿನ್, ಅಂದರೆ ಬ್ಯಾಂಕರ್ ಇದ್ದಾಗ ಸೀಟಿಯ ಸಂಕೇತ ಏನು? ಅಜ್ಜಿಯನ್ನೂ ಕೇಳಿ: ಡ್ಯೂಟಿಗೆ ಕರೆಯಲು ಬರುವ ಕಾಲ್‌ಬಾಯ್ ನಡುರಾತ್ರಿ ಬಂದು ಬಾಗಿಲು ಬಡಿದರೆ ಬುತ್ತಿಗೆ ಏನು ಕಟ್ಟುತ್ತಿದ್ದರು, ಎಣ್ಣೆ ಮಸಿಯ ಬಟ್ಟೆಯನ್ನು ಹೇಗೆ ಒಗೆಯುತ್ತಿದ್ದರು. ಆ ಮನೆಗಳ ದಿನಚರಿ ನಡೆದದ್ದು ಶೆಡ್ಡಿನ ಕರೆಗೆ ತಕ್ಕ ಹಾಗೆ.

ಅಟ್ಟದಲ್ಲಿ ಕೈದೀಪ ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಕೆತ್ತಿದ ಅಕ್ಷರ ಸವೆದುಹೋಗುತ್ತದೆ. ‘ಎಂ.ಎಸ್.ಎಂ.’ (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಎಂದಿದ್ದರೆ 1951ಕ್ಕಿಂತ ಹಿಂದಿನದು. ಹುಬ್ಬಳ್ಳಿ ಭಾಗ ಆ ವರ್ಷ ದಕ್ಷಿಣ ರೈಲ್ವೆಗೂ 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆಗೂ ಸೇರಿತು. ದೀಪದ ಅಕ್ಷರವೂ ಅದಕ್ಕೆ ತಕ್ಕಂತೆ ಬದಲಾಗಿರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಅಕ್ಷರ ಕಾಣುವಂತೆ ಫೋಟೊ ತೆಗೆದು ಬರಹದ ಜೊತೆ ಕಳಿಸಿ. ಸಂಪಾದಕರು ಅಂಥ ಬರಹಗಳಿಗೆ ವಾರಕ್ಕೊಮ್ಮೆ ಅರ್ಧ ಪುಟವನ್ನಾದರೂ ಕೊಡಬೇಕೆಂದು ಕೋರುತ್ತೇವೆ.

— ರೈಲ್ವೆ ಕುಟುಂಬಗಳ ಕೆಲವು ಓದುಗರು, ಪುಣೆ