ಸಿಇಟಿ ರ‍್ಯಾಂಕಿನ ಲೆಕ್ಕವನ್ನು ಜನವರಿಯಲ್ಲೇ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಫಲಿತಾಂಶ ಬಂದ ಮರುದಿನ ಪತ್ರಿಕೆಯ ಮುಖಪುಟದಲ್ಲಿ ಮೊದಲ ರ‍್ಯಾಂಕ್ ಪಡೆದ ಮಕ್ಕಳ ಫೋಟೊ ಬರುತ್ತದೆ. ನೋಡಿ ಖುಷಿಯಾಗುತ್ತದೆ. ಅದರ ಜೊತೆಗೆ, ರ‍್ಯಾಂಕ್ ಬರುವುದು ಹೇಗೆ ಅನ್ನುವ ಲೆಕ್ಕವನ್ನೂ ನೀವು ವಿವರವಾಗಿ ಪ್ರಕಟಿಸಬೇಕು ಅನ್ನುವುದು ನನ್ನ ವಿನಂತಿ. ಅದೂ ಫಲಿತಾಂಶದ ದಿನ ಬೇಡ. ಪಿಯುಸಿ ಪರೀಕ್ಷೆಗೆ ಇನ್ನೂ ಟೈಮ್ ಇರುವಾಗ, ಜನವರಿಯಲ್ಲೇ ಬರಲಿ.

ನಾನು ಮುಂಡರಗಿಯಲ್ಲಿ ಸೈಬರ್ ಸೆಂಟರ್ ನಡೆಸುತ್ತೇನೆ. ಅರ್ಜಿ ತುಂಬುವುದರಿಂದ ಹಿಡಿದು ಆಪ್ಷನ್ ಎಂಟ್ರಿವರೆಗೆ (ಬೇಕಾದ ಕಾಲೇಜು, ಕೋರ್ಸು ಆರಿಸಿ ತುಂಬುವುದು) ಸುತ್ತಲಿನ ಹಳ್ಳಿಯ ಮಕ್ಕಳು ನಮ್ಮಲ್ಲಿಗೇ ಬರುತ್ತಾರೆ. ಕಳೆದ ಸಲ ಫಲಿತಾಂಶದ ದಿನ ಒಬ್ಬ ತಾಯಿ ಪ್ರಿಂಟ್ ಹಿಡಿದುಕೊಂಡು ನಿಂತೇ ಇದ್ದರು. “ಅಣ್ಣಾರ, ನಮ್ಮ ಹುಡುಗಿಗೆ ಪಿಯುಸಿಯಾಗ 92 ಪರ್ಸೆಂಟ್ ಆಗೇತಿ. ಮತ್ತ ಎಂಜಿನಿಯರಿಂಗ್ ರ‍್ಯಾಂಕ್ ಯಾಕ ಇಷ್ಟ ಹಿಂದ ಬಂದೈತ್ರಿ?” ಅಂದರು.

ಮಾರ್ಕ್ಸ್ ಕಾರ್ಡ್ ಇಸಿದುಕೊಂಡು ನೋಡಿದೆ. 600ಕ್ಕೆ 552. ಅದರಲ್ಲಿ ಕನ್ನಡ 98, ಇಂಗ್ಲಿಷ್ 92, ಬಯಾಲಜಿ 98. ಎಂಜಿನಿಯರಿಂಗ್ ರ‍್ಯಾಂಕಿಗೆ ಈ ಮೂರೂ ಲೆಕ್ಕಕ್ಕೆ ಬರುವುದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 300ಕ್ಕೆ 264, ಅಂದರೆ ಶೇ 88. ಸಿಇಟಿಯಲ್ಲಿ ಅದೇ ಮೂರು ವಿಷಯಕ್ಕೆ 180ಕ್ಕೆ 58, ಅಂದರೆ ಶೇ 32ರ ಆಸುಪಾಸು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 60. ಆಕೆಯ ರ‍್ಯಾಂಕ್ ನಿಂತಿರುವುದು ಈ 60ರ ಮೇಲೆ. ಕಾಗದದ ಮೇಲೆ ಬರೆದು ತೋರಿಸಿದಾಗ ಹುಡುಗಿ ಅತ್ತುಬಿಟ್ಟಳು. ಎರಡು ವರ್ಷ ಓದಿದ ಮಗುವಿಗೆ ಇಷ್ಟು ಸಣ್ಣ ಲೆಕ್ಕ ಮೊದಲೇ ಯಾರೂ ಹೇಳಿರಲಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಕೋಚಿಂಗಿಗೆ ಹೋಗುವ ಕೆಲವು ಹುಡುಗರು “ಪಿಯುಸಿ ಪಾಸಾದರೆ ಸಾಕು, ಸಿಇಟಿ ನೋಡಿಕೊಂಡರಾಯ್ತು” ಅನ್ನುತ್ತಾರೆ. ಒಬ್ಬನಿಗೆ ಪಿಯುಸಿಯ ಮೂರು ವಿಷಯಕ್ಕೆ 210, ಸಿಇಟಿಯಲ್ಲಿ 110 ಅಂದುಕೊಳ್ಳಿ. ಇನ್ನೊಬ್ಬಳಿಗೆ 285 ಮತ್ತು 80. ಸಿಇಟಿಯಲ್ಲಿ 30 ಅಂಕ ಕಡಿಮೆ ಬಂದರೂ ಮುಂದಿರುವವಳು ಹುಡುಗಿಯೇ. ಅವಳದು ಹತ್ತಿರ ಹತ್ತಿರ 70, ಅವನದು 66ಕ್ಕೂ ಕಡಿಮೆ. ಸಿಇಟಿಯ 3 ಅಂಕ, ಪಿಯುಸಿಯ 5 ಅಂಕ, ಎರಡರ ತೂಕ ಒಂದೇ. ಇದಿಷ್ಟು ಗೊತ್ತಿದ್ದರೆ ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅಂತ ಮಗುವೇ ತೀರ್ಮಾನ ಮಾಡಬಹುದು, ಅಲ್ವಾ?

ಇನ್ನೊಂದು ಮಾತು. ಮೆಡಿಕಲ್ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಸಿಇಟಿಯಲ್ಲಿ ಕಡಿತವೇ ಇಲ್ಲ. ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ಒಂದಕ್ಕೆ ಒಂದು ಅಂಕ. ನೀಟ್‌ಗೆ ತಯಾರಾದ ಮಕ್ಕಳು ಅದೇ ಭಯದಲ್ಲಿ ಸಿಇಟಿಯ ಓಎಂಆರ್ ಶೀಟಿನಲ್ಲೂ ಸುಮ್ನೆ ಖಾಲಿ ಬಿಟ್ಟು ಬರುತ್ತಾರೆ. ಕೇಳಿದಾಗ ನನಗೆ ಸಂಕಟವಾಗುತ್ತದೆ. ಗೊತ್ತಿಲ್ಲದ ಪ್ರಶ್ನೆಗೂ ಒಂದು ಉತ್ತರ ಗುರುತು ಮಾಡಿ ಬಂದಿದ್ದರೆ ನಷ್ಟವೇನೂ ಇರಲಿಲ್ಲ. ಮೆಡಿಕಲ್ ಸೀಟಿಗೆ ರ‍್ಯಾಂಕ್ ಬರುವುದು ನೀಟ್ ಅಂಕದ ಮೇಲೆ ಮಾತ್ರ, ಪಿಯುಸಿ ಅಂಕ ಅರ್ಹತೆಗಷ್ಟೇ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌-ಕೆಯಲ್ಲೂ ಪ್ರವೇಶ ಪರೀಕ್ಷೆಯದೇ ಲೆಕ್ಕ. ಒಂದೇ ಮನೆಯಲ್ಲಿ ಮೂರು ಪರೀಕ್ಷೆ ಬರೆಯುವ ಮಕ್ಕಳಿದ್ದಾರೆ, ಮೂರಕ್ಕೂ ನಿಯಮ ಬೇರೆ.

ಎನ್‌ಐಟಿಯಂಥ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನ ಪರ್ಸೆಂಟೈಲ್ ಅಂತೂ ಎಲ್ಲರನ್ನೂ ಗಲಿಬಿಲಿ ಮಾಡುತ್ತದೆ. 85 ಪರ್ಸೆಂಟೈಲ್ ಅಂದರೆ ನೂರಕ್ಕೆ 85 ಅಂಕ ಅಂತ ತಿಳಿದು ಪೇಡೆ ಹಂಚಿದ ಒಬ್ಬ ತಂದೆಯನ್ನು ನೋಡಿದ್ದೇನೆ. 10 ಲಕ್ಷ ಮಂದಿ ಬರೆದಿದ್ದರೆ ಸುಮಾರು ಒಂದೂವರೆ ಲಕ್ಷ ಮಂದಿ ಮುಂದಿದ್ದಾರೆ ಅಂತ ಅದರ ಅರ್ಥ. ಇದನ್ನು ಆ ತಂದೆಗೆ ಹೇಳುವುದು ನನಗೆ ಸುಲಭವಾಗಿರಲಿಲ್ಲ.

ಲೆಕ್ಕ ಆಗಾಗ ಬದಲಾಗಿದ್ದೂ ಇದೆ. ಕೊರೊನಾದಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. ಆ ಬ್ಯಾಚಿನವರು 2022ರಲ್ಲಿ ಮತ್ತೆ ಬರೆದಾಗ ಅವರ ಪಿಯುಸಿ ಅಂಕ ಸೇರಿಸಲಿಲ್ಲ ಅಂತ ವಿಷಯ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಸಿಲಬಸ್ಸಿನಾಚೆಯ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಪಟ್ಟಣದ ದೊಡ್ಡ ಕಾಲೇಜಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳುವವರು ಇರುತ್ತಾರೆ. ಹೊಲಕ್ಕೆ ಹೋಗಿ ಬರುವ ಅಪ್ಪ ಅಮ್ಮನಿಗೆ ಸಿಗುವುದು ಪತ್ರಿಕೆ ಮತ್ತು ನಮ್ಮಂಥ ಅಂಗಡಿ.

ಆದ್ದರಿಂದ ಅರ್ಧ ಪುಟ ಕೊಡಿ. ಯಾವ ಕೋರ್ಸಿಗೆ ಯಾವ ವಿಷಯದ ಅಂಕ, ಯಾವ ಪರೀಕ್ಷೆಗೆ ಎಷ್ಟು ಪಾಲು, ಎಲ್ಲಿ ಅಂಕ ಕಡಿತ ಇದೆ, ಎಲ್ಲಿ ಇಲ್ಲ ಅಂತ ಉದಾಹರಣೆ ಸಮೇತ ಹಾಕಿ. ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು ತಮ್ಮ 12ನೇ ತರಗತಿ ಅಂಕವನ್ನು ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ತಾವೇ ತುಂಬಬೇಕು ಅನ್ನುವುದನ್ನೂ ಸೇರಿಸಿ, ಮರೆತವರು ಜಾಸ್ತಿ. ಆ ಪುಟ ಬಂದ ದಿನ ಪ್ರತಿ ಮಾಡಿಸಿ ನಮ್ಮ ತಾಲ್ಲೂಕಿನ ಪಿಯು ಕಾಲೇಜುಗಳ ನೋಟಿಸ್ ಬೋರ್ಡಿಗೆ ನಾನೇ ಹಚ್ಚಿ ಬರುತ್ತೇನೆ.

ಇಂತಿ,
ಸೈಬರ್ ಸೆಂಟರ್ ನಡೆಸುವ ಓದುಗ, ಮುಂಡರಗಿ, ಗದಗ ಜಿಲ್ಲೆ