ಕೆಂಪು ಸುತ್ತು ಹಾಕಿದ ದಿನಗಳು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ "ಚಿಕ್ಕಮ್ಮ, ಆ ದಿನಗಳು ಹತ್ತಿರ ಬಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ" ಎಂದವಳು ಥಟ್ಟನೆ ಮಾತು ತಿರುಗಿಸಿಬಿಟ್ಟೆ. ನಾನೂ ಸುಮ್ಮನಾದೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಬಸಿರು ನಿಲ್ಲಲೆಂದು ಲೆಕ್ಕ ಹಾಕಿ ಸೇರುವ ಆ ದಿನಗಳು ನನಗೆ ಗೊತ್ತು. ಕೋಣೆಯ ಬಾಗಿಲ ಹಿಂದೆ ಕ್ಯಾಲೆಂಡರ್, ಅದರಲ್ಲಿ ಕೆಂಪು ಸುತ್ತುಗಳು, ಅಂಡ ಬಿಡುಗಡೆಯ ದಿನ ತಿಳಿಯಲು ದಿಂಬಿನ ಪಕ್ಕದಲ್ಲಿ ಥರ್ಮಾಮೀಟರ್. ಸುತ್ತು ಹಾಕಿದ ರಾತ್ರಿ ನಿನ್ನ ಚಿಕ್ಕಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆಸೆ ಸತ್ತುಹೋಗಿತ್ತು. ನೋವು ಮಾತ್ರ ಇತ್ತು, ಒಳಗೆ ಆಳದಲ್ಲಿ, ಮರುದಿನ ನಡೆಯುವಾಗಲೂ ನೆನಪಾಗುವಂಥದ್ದು. ಮಗುವಿಗಾಗಿ ತಾನೇ ಎಂದು ಹಲ್ಲು ಕಚ್ಚಿ ಸಹಿಸಿದೆ. ವೈದ್ಯರು ಕೇಳಲಿಲ್ಲ, ನಾನು ಹೇಳಲಿಲ್ಲ. ಎರಡು ವರ್ಷ ಹಾಗೆಯೇ ಕಳೆಯಿತು. ಆಮೇಲೆ ಬೇರೊಬ್ಬ ವೈದ್ಯೆ ಕಡತ ಮುಚ್ಚಿಟ್ಟು, "ಸೇರುವಾಗ ನೋವಾಗುತ್ತದೆಯೇ?" ಎಂದು ಕೇಳಿದರು. ಅಲ್ಲೇ ಅತ್ತುಬಿಟ್ಟೆ.

ನನಗಿದ್ದದ್ದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ; ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ ಇರುತ್ತದೆ. ಬಸಿರು ನಿಲ್ಲದಿರುವುದಕ್ಕೆ ಕಾರಣ ಹುಡುಕುತ್ತಿದ್ದವರಿಗೆ ಆ ನೋವೇ ದಾರಿ ತೋರಿಸಬಹುದಿತ್ತು. ನಾನು ಅದನ್ನೇ ಬಚ್ಚಿಟ್ಟಿದ್ದೆ. ನಮಗೆ ಮಗುವಾಗಲಿಲ್ಲ, ನಿನಗೆ ಗೊತ್ತಿದೆ. ಆದರೆ ಚಿಕಿತ್ಸೆಯ ನಂತರ ನೋವು ಹೋಯಿತು, ನಾವಿಬ್ಬರೂ ಮತ್ತೆ ಹತ್ತಿರವಾದೆವು. ಅದಕ್ಕಾಗಿಯೇ ಮೊದಲೇ ಬಾಯಿ ಬಿಡಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಆಸೆ ಕುಂದಿದರೆ ನಿನ್ನ ಪ್ರೀತಿ ಕುಂದಿತೆಂದು ತಿಳಿಯಬೇಡ. ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಹೆಚ್ಚಾದರೂ ಥೈರಾಯ್ಡ್ ಏರುಪೇರಾದರೂ ಅಂಡ ಬಿಡುಗಡೆಯಾಗುವುದು ತಪ್ಪಬಹುದು, ಆಸೆಯೂ ಇಳಿಯಬಹುದು, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅಂಡ ಬಿಡುಗಡೆಯಾಗಲೆಂದು ನೀನು ನುಂಗುತ್ತಿರುವ ಕ್ಲೋಮಿಫೀನ್ ಮಾತ್ರೆಯೇ ಕೆಲವರಲ್ಲಿ ಯೋನಿಯನ್ನು ಒಣಗಿಸುತ್ತದೆ. ಒಣಗಿದ್ದರೆ ಜಾರುವಂತೆ ಮಾಡುವ ಲೂಬ್ರಿಕೆಂಟ್ ಬಳಸು, ನಾಚಬೇಡ. ಆದರೆ ಕೆಲವು ಬಗೆಯವು ವೀರ್ಯಾಣುವಿನ ಚಲನೆಯನ್ನು ಕುಗ್ಗಿಸುತ್ತವೆ, ಯಾವುದು ಸರಿ ಎಂದು ವೈದ್ಯರನ್ನೇ ಕೇಳು. ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡು ಸೇರುವುದೇ ಆಗದ ವಜೈನಿಸ್ಮಸ್ ಎಂಬುದೂ ಉಂಟು. ಅದಕ್ಕೂ ಚಿಕಿತ್ಸೆ ಇದೆ, ಬಲವಂತ ಚಿಕಿತ್ಸೆಯಲ್ಲ.

ಕ್ಯಾಲೆಂಡರಿನ ಹಿಡಿತವನ್ನೂ ಸಡಿಲಿಸು. ಅಂಡ ಬಿಡುಗಡೆಯಾದ ಮೇಲೆ 24 ಗಂಟೆಯೊಳಗೆ ಅದರ ಆಯುಷ್ಯ ಮುಗಿಯುತ್ತದೆ, ನಿಜ. ಆದರೆ ವೀರ್ಯಾಣು 5 ದಿನದವರೆಗೂ ಬದುಕಿರಬಲ್ಲದು. ವಾರಕ್ಕೆ ಎರಡು ಮೂರು ಸಲ ಸೇರಿದರೂ ಸಾಕಾಗುತ್ತದೆ, ಗಂಟೆ ನೋಡಬೇಕಿಲ್ಲ. ಕೆಲವು ರಾತ್ರಿಗಳು ಯಾವ ಲೆಕ್ಕಕ್ಕೂ ಸೇರದೆ ನಿಮ್ಮಿಬ್ಬರವೇ ಆಗಿರಲಿ.

ನಿನ್ನ ಗಂಡನ ವೀರ್ಯ ಪರೀಕ್ಷೆ ಆಯಿತೇ? ನೀನು ಹೇಳಲೇ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ನೀನೊಬ್ಬಳೇ ಸೂಜಿ ಚುಚ್ಚಿಸಿಕೊಳ್ಳುತ್ತ ಕೂರಬೇಡ. ಗುರುತು ಹಾಕಿದ ರಾತ್ರಿ ಅವನೂ ಹೆದರುತ್ತಿರಬಹುದು. ಕೇಳಿ ನೋಡು, ಹಾಸಿಗೆಯಲ್ಲಿ ಅಲ್ಲ, ಹಗಲಿನಲ್ಲಿ, ಇಬ್ಬರೂ ಜೊತೆಯಾಗಿ ನಡೆಯುವಾಗ.

ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊ: ನೋವು ಯಾವಾಗ, ಎಲ್ಲಿ, ಎಷ್ಟು ದಿನದಿಂದ. ಬಾಯಿ ಬರದಿದ್ದರೆ ಚೀಟಿಯನ್ನೇ ಅವರ ಕೈಗೆ ಕೊಡು. ಬೇಕೆಂದರೆ ನಾನೂ ಬರುತ್ತೇನೆ, ಬಾಗಿಲ ಹೊರಗೆ ಕುಳಿತಿರುತ್ತೇನೆ. ದಿನಾಂಕ ತಿಳಿಸು.

ನಿನ್ನ
ಚಿಕ್ಕಮ್ಮ