ಎರಡು ಮೊಳೆ, ಒಂದು ನೂಲು

ಜೆಪ್ಪು, ಮಂಗಳೂರು
ಶುಕ್ರವಾರ ರಾತ್ರಿ

ಪ್ರೀತಿಯ ಮಗಳೇ,

ಭಾನುವಾರ ಫೋನಿನಲ್ಲಿ "ಅಪ್ಪಾ, ಈ ಅಂತಃಛೇದ ಅಂದ್ರೆ ಎಂಥದು ಅಂತಲೇ ಗೊತ್ತಾಗುವುದಿಲ್ಲ" ಎಂದೆಯಲ್ಲ, ಅಷ್ಟರಲ್ಲಿ ಹಾಸ್ಟೆಲಿನ ಹತ್ತು ನಿಮಿಷ ಮುಗಿದುಹೋಯಿತು. ಅದಕ್ಕೇ ಈ ಕಾಗದ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಮ್ಮೆ ಡುಮ್ಕಿ ಹೊಡೆದವನು, ನಿನಗೆ ಗೊತ್ತುಂಟು. ಹಾಗಾಗಿ ನಿನ್ನ ಪುಸ್ತಕ, ಹಿಂದಿನ ಸಲ ಬಂದಾಗ ಬಿಟ್ಟುಹೋದ ಟೆಸ್ಟ್ ಪೇಪರ್ ಎರಡನ್ನೂ ಇಟ್ಟುಕೊಂಡು ಮೂರು ರಾತ್ರಿ ಕೂತೆ. ನೋಡಿದರೆ, ಮಾರಾಯ್ತಿ, ಇದು ನಾನು ದಿನಾ ಮಾಡುವ ಕೆಲಸ!

ಈಗ ಕುಲಶೇಖರದಲ್ಲಿ ಒಂದು ಹಳೇ ಹಂಚಿನ ಮನೆಯ ಮಾಡು, ಅಂದರೆ ಛಾವಣಿ, ಬಿಚ್ಚಿ ಹೊಸ ಪಕ್ಕಾಸು ಹಾಕುತ್ತಿದ್ದೇವೆ. ಪಕ್ಕಾಸು ಅಂದರೆ ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿಯುವ ಮರ. ಜೂನ್ ಬರುವ ಮೊದಲು ಮುಗಿಯಬೇಕು. ಮನೆಯ ಅಗಲ 18 ಅಡಿ. ಗೋಡೆಯ ತಲೆಯಿಂದ ಮಾಡಿನ ನೆತ್ತಿಗೆ 6 ಅಡಿ. ಮರ ಕೊಯ್ಯುವ ಮೊದಲು ನಾವು ನೆಲದ ಮೇಲೆ ಚಾಕಿನಲ್ಲಿ ಚಿತ್ರ ಬರೆಯುತ್ತೇವೆ. ಮೊದಲು ಒಂದು ಅಡ್ಡಗೆರೆ, ಅದು ಗೋಡೆಯ ತಲೆಯ ಮಟ್ಟ. ಅದರ ನಡುವಿನಿಂದ ಒಂದು ನೆಟ್ಟಗೆರೆ. ಎರಡೂ ಸೇರುವ ಜಾಗವೇ ನಿನ್ನ ಮೂಲಬಿಂದು. ಅಡ್ಡಗೆರೆಯಲ್ಲಿ ಬಲಕ್ಕೆ 9 ಅಡಿ ಅಳೆದು ಒಂದು ಮೊಳೆ, ನೆಟ್ಟಗೆರೆಯಲ್ಲಿ ಮೇಲಕ್ಕೆ 6 ಅಡಿ ಅಳೆದು ಇನ್ನೊಂದು ಮೊಳೆ. ನಡುವೆ ನೂಲು ಎಳೆದರೆ ಪಕ್ಕಾಸು ಕೂರುವ ಗೆರೆ ಬಂತು. ಆ ಎರಡು ಮೊಳೆಗಳೇ ಅಂತಃಛೇದ. ಮೊದಲನೆಯದು ಎಕ್ಸ್ ಅಂತಃಛೇದ, (9, 0). ಎರಡನೆಯದು ವೈ ಅಂತಃಛೇದ, (0, 6). ಆವರಣದಲ್ಲಿ ಮೊದಲು ಅಡ್ಡ ದೂರ ಎಕ್ಸ್, ಆಮೇಲೆ ಎತ್ತರ ವೈ.

ನೀನು ಟೆಸ್ಟಿನಲ್ಲಿ ಒಂದು ಗೆರೆಗೆ ಏಳು ಬಿಂದು ಹುಡುಕಿ ಪಟ್ಟಿ ಮಾಡಿದ್ದೀ. ಯಾಕೆ? ನೂಲಿಗೆ ಎರಡು ಮೊಳೆ ಸಾಕು. ಮೂರನೆಯದು ಸುಮ್ನೆ ತಾಳೆ ನೋಡಲಿಕ್ಕೆ. ಯಾವ ಎರಡು ಅಂದರೆ, ಸಿಗಲಿಕ್ಕೆ ಸುಲಭವಾದ ಎರಡು.

ಈ ಪಕ್ಕಾಸಿನ ಸಮೀಕರಣ 2ಎಕ್ಸ್ + 3ವೈ = 18. ಹೇಗೆ ಬಂತು? ಎಕ್ಸನ್ನು 9ರಿಂದ, ವೈಯನ್ನು 6ರಿಂದ ಭಾಗಿಸಿ ಕೂಡಿಸಿದರೆ 1 ಬರಬೇಕು. ಎಲ್ಲವನ್ನೂ 18ರಿಂದ ಗುಣಿಸು, ಭಿನ್ನರಾಶಿ ಮಾಯ. ಇನ್ನು ಮೊಳೆ ಹುಡುಕುವುದಕ್ಕೆ ಬೆರಳು ಸಾಕು. 3ವೈ ಮೇಲೆ ಹೆಬ್ಬೆರಳು ಇಡು. ಉಳಿದದ್ದು 2ಎಕ್ಸ್ = 18, ಅಂದರೆ 9. ಈಗ 2ಎಕ್ಸ್ ಮುಚ್ಚು. 3ವೈ = 18, ಅಂದರೆ 6. ಬೆರಳು ಮುಚ್ಚಿದ್ದು ಸೊನ್ನೆ, ಅಷ್ಟೇ ಲೆಕ್ಕ. ಅಡ್ಡಗೆರೆಯ ಮೇಲಿರುವ ಮೊಳೆಗೆ ಎತ್ತರ ಇಲ್ಲ, ಅದಕ್ಕೇ ಅಲ್ಲಿ ವೈ ಸೊನ್ನೆ.

ನಿನ್ನ ಪುಸ್ತಕದಲ್ಲಿ ಇದನ್ನೇ 2ಎಕ್ಸ್ + 3ವೈ − 18 = 0 ಎಂದು ಬರೆಯುತ್ತಾರೆ. ನೀನು ಬಿದ್ದದ್ದು ಅಲ್ಲಿಯೇ. −18 ಕಂಡ ಕೂಡಲೇ ಅಂತಃಛೇದ −9 ಎಂದು ಬರೆದುಬಿಟ್ಟೆ. ಮೊದಲು 18ನ್ನು ಆಚೆ ದಾಟಿಸು, ದಾಟುವಾಗ ಚಿಹ್ನೆ ಬದಲಾಗುತ್ತದೆ. ಆಮೇಲೆ ಬೆರಳು ಇಡು.

ಇನ್ನೊಂದು ಕಡೆ (9, 0) ಬರೆಯುವಲ್ಲಿ (0, 9), (0, 6) ಬರೆಯುವಲ್ಲಿ (6, 0) ಎಂದು ಬರೆದಿದ್ದೀ. ಅದಕ್ಕೆ ನಾನು ಬೈಯುವುದಿಲ್ಲ. ಕೆಲಸ ಕಲಿಯುವಾಗ ನಾನೂ ಅದನ್ನೇ ಮಾಡಿದ್ದೆ. ಬುಡಕ್ಕೆ 6, ಎತ್ತರಕ್ಕೆ 9 ಇಟ್ಟು ಚಿತ್ರ ಬರೆದೆ. ನೂಲು ಅಳೆದರೆ 10 ಅಡಿ 10 ಇಂಚು, ಸರಿಯಾದ ಚಿತ್ರದಲ್ಲಿ ಬರುವಷ್ಟೇ! ಹೇಗೆ ತಿರುಗಿಸಿದರೂ 81, 36ರ ಮೊತ್ತ 117 ತಾನೇ, ಅದರ ವರ್ಗಮೂಲವೇ ಉದ್ದ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ಓರೆಗೆ ಸರಿಯಾಗಿ ನಾಲ್ಕು ಪಕ್ಕಾಸುಗಳ ತುದಿ ಕೊಯ್ದೆ. ಮೇಲೆ ಏರಿಸಿದಾಗ ಒಂದೂ ಕೂರಲಿಲ್ಲ. ಉದ್ದ ಸರಿ, ಓರೆ ತಪ್ಪು. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಕಾಲಿನಿಂದ ಚಾಕಿನ ಗೆರೆ ಒರೆಸಿ ಹೋದರು. ಆ ದಿನ ಊಟ ಸೇರಲಿಲ್ಲ ನನಗೆ.

ಮತ್ತೊಂದು ವಿಷಯ. ಮಾಡು ಗೋಡೆಯಲ್ಲಿ ನಿಲ್ಲುವುದಿಲ್ಲ, ಅಲ್ವಾ? ನಮ್ಮ ಮಳೆಗೆ ಗೋಡೆ ಒದ್ದೆಯಾಗದಿರಲು 3 ಅಡಿ ಹೊರಗೆ ಚಾಚಬೇಕು. ಅಂದರೆ ಎಕ್ಸ್ 12. ಲೆಕ್ಕ ಹಾಕಿದರೆ ವೈ −2. ಮಾಡಿನ ಅಂಚು ಗೋಡೆಯ ತಲೆಗಿಂತ 2 ಅಡಿ ಕೆಳಗೆ! ಋಣ ಸಂಖ್ಯೆ ಅಂದರೆ ನಿನಗೆ ಭಯ, ಆದರೆ ನಮ್ಮ ಜಗಲಿಯಲ್ಲಿ ಉದ್ದದವರು ತಲೆ ಬಗ್ಗಿಸಿಯೇ ಒಳಗೆ ಬರುವುದು ಇದರಿಂದಲೇ. ಹಾಗೆಯೇ ಎಡಗಡೆಯ ಪಕ್ಕಾಸು 2ಎಕ್ಸ್ − 3ವೈ = −18. ಬೆರಳಿಟ್ಟು ನೋಡು. ಒಂದು ಮೊಳೆ −9ರಲ್ಲಿ, ಇನ್ನೊಂದು ಅದೇ ನೆತ್ತಿಯ 6ರಲ್ಲಿ. ಎರಡೂ ಕಡೆಯ ಪಕ್ಕಾಸು ಸೇರುವುದೇ ಅಲ್ಲಿ.

ಬೆರಳು ನಡೆಯದ ಜಾಗವೂ ಉಂಟು. 2ಎಕ್ಸ್ + 3ವೈ = 0 ಕೊಟ್ಟರೆ ಎರಡು ಮೊಳೆಯೂ ಮೂಲಬಿಂದುವಿನಲ್ಲೇ ಬೀಳುತ್ತವೆ, ನೂಲು ಎಳೆಯುವುದು ಎಲ್ಲಿಗೆ? ಆಗ ಎಕ್ಸ್‌ಗೆ 3 ಕೊಟ್ಟು ಇನ್ನೊಂದು ಬಿಂದು ಹುಡುಕು, (3, −2). ಎಕ್ಸ್ = 5 ಅಂದರೆ ಅದು ಕಂಬ. ಕಂಬ ನೆಟ್ಟಗೆರೆಗೆ ಎಲ್ಲಿಯೂ ತಾಗುವುದಿಲ್ಲ, ಅದಕ್ಕೆ ವೈ ಅಂತಃಛೇದ ಇಲ್ಲ. ಇಷ್ಟಕ್ಕೆ ಮಂಡೆ ಬಿಸಿ ಮಾಡಬೇಡ.

ವೈ = 6 − (2/3)ಎಕ್ಸ್ ಎಂದು ಬರೆದರೆ ಓರೆ ಬೇಗ ಕಾಣುತ್ತದೆ. 3 ಅಡಿ ಹೊರಗೆ ಹೋದರೆ 2 ಅಡಿ ಇಳಿತ. ನಮಗೆ ಈ ಇಳಿತ ಮುಖ್ಯ. ಇಲ್ಲೇ ನಮ್ಮ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದರು, ಅಂಥ ಹಂಚು ಪಕ್ಕಾಸಿನ ಮೇಲೆ ಅಡ್ಡ ಹೊಡೆದ ಮರದ ಪಟ್ಟಿಗೆ, ಅಂದರೆ ರೀಪಿಗೆ, ಸಿಕ್ಕಿಕೊಂಡು, ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಇಳಿತ ಕಮ್ಮಿಯಾದರೆ ನೀರು ಬೇಗ ಜಾರುವುದಿಲ್ಲ. ಗಾಳಿ ಹೊಡೆದಾಗ ಸಂದಿಯಲ್ಲಿ ಹಿಂದಕ್ಕೆ ನುಗ್ಗಿ ಮನೆಯೊಳಗೆ ಸೋರುತ್ತದೆ.

ಈಗ ನಿನಗೊಂದು ಕೆಲಸ. ಈ ಮನೆಯವರಿಗೆ ಹಿಂದೆ ಅಡಿಗೆಕೋಣೆಗೆ ಒಂದೇ ಕಡೆಗೆ ಇಳಿಯುವ ಮಾಡು ಬೇಕಂತೆ. ಅವರ ಮಗ ಕಾಲೇಜಿಗೆ ಹೋಗುವವನು, ಕಾಗದದಲ್ಲಿ 5ಎಕ್ಸ್ + 12ವೈ − 60 = 0 ಎಂದು ಬರೆದುಕೊಟ್ಟಿದ್ದಾನೆ. ಲೆಕ್ಕ ಚಂದ ಉಂಟು, ಪಕ್ಕಾಸಿನ ಉದ್ದ ಒಂದಿಂಚೂ ಹೆಚ್ಚುಕಮ್ಮಿ ಇಲ್ಲದೆ ಪೂರ್ತಿ ಅಡಿಯಲ್ಲೇ ಬರುತ್ತದೆ. ಎರಡು ಮೊಳೆ ಎಲ್ಲಿ, ಉದ್ದ ಎಷ್ಟು, 3 ಅಡಿಗೆ ಇಳಿತ ಎಷ್ಟು ಎಂದು ನೋಡು. ಆ ಮಾಡಿಗೆ ಹಂಚು ಹಾಕಬಹುದಾ, ಬೇಡವಾ? ಭಾನುವಾರ ಫೋನ್ ಮಾಡಿದಾಗ ಮೊದಲು ಅದನ್ನು ಹೇಳು, ಸೋಮವಾರ ನಾನು ಅವರಿಗೆ ಉತ್ತರ ಕೊಡಬೇಕು.

ಅಮ್ಮ ನೀರು ಮಾವಿನ ಉಪ್ಪಿನಕಾಯಿ ಹಾಕಿದ್ದಾಳೆ, ಬರುವ ವಾರ ಕಳಿಸುತ್ತೇನೆ.

ನಿನ್ನ
ಅಪ್ಪ